ಮಣ್ಣೆತ್ತು ಬಿರಿಯದಂತೆ ಮಾಡುವ ಬಗೆ



ಮಣ್ಣೆತ್ತಿನ ಅಮಾವಾಸ್ಯೆಗೆ ಒಂದು ವಾರ ಮೊದಲೇ ಮಕ್ಕಳೊಡನೆ ಕುಳಿತು ಎತ್ತು ಮಾಡಿರಿ. ಬರಿಯ ಎರೆಮಣ್ಣು ಒಣಗಿದಾಗ ಬಿರಿಯುವುದನ್ನು ಹೊಲದಲ್ಲಿಯೇ ಕಂಡಿದ್ದೀರಿ. ಆದುದರಿಂದ ಜರಡಿ ಹಿಡಿದ ಮಣ್ಣು ನಾಲ್ಕು ಪಾಲು, ಸಣ್ಣ ಮರಳು ಒಂದು ಪಾಲು ಸೇರಿಸಿ ಚೆನ್ನಾಗಿ ನಾದಿರಿ. ಕೋಡು, ಹಿಣಿಲು ಅಂಟಿಸುವ ಕಡೆ ಗೀರಿ, ಕೆಸರು ಹಚ್ಚಿ ಒತ್ತಿರಿ. ನೆರಳಿನಲ್ಲಿ ಒಣಗಿಸಿರಿ. ನಾನು ಅವಸರದಿಂದ ಬಿಸಿಲಿಗಿಟ್ಟ ಜೋಡಿ ಪೂಜೆಗೆ ಮೊದಲೇ ಬಿರಿಯಿತು.

ಬಣ್ಣಕ್ಕೆ ಸುಣ್ಣ, ಕೆಮ್ಮಣ್ಣು, ದೀಪದ ಮಸಿ ಸಾಕು. ಕೆಮ್ಮಣ್ಣು, ಮಸಿಗೆ ಹುಣಸೆಬೀಜದ ಅಂಟು ಬೆರೆಸಿರಿ. ಕಿನ್ನಾಳದ ಬೊಂಬೆಗಾರರು ಬಳಸುವುದೂ ಈ ಅಂಟನ್ನೇ. ಸುಣ್ಣದ ಮೇಲೆ ಅರಿಸಿನ ಹಚ್ಚಿದರೆ ಕೆಂಪಾಗುತ್ತದೆ, ನೆನಪಿರಲಿ.

ಸೀಸ ಬೆರೆತ ಬಣ್ಣ ಖಂಡಿತ ಬೇಡ. ಹಬ್ಬ ಮುಗಿದ ಮೇಲೆ ಮಣ್ಣಿನ ಎತ್ತನ್ನು ಬಿಡುವ ಕೆರೆಯಲ್ಲಿಯೇ ನಿಮ್ಮ ಕೊಟ್ಟಿಗೆಯ ಎತ್ತು ನೀರು ಕುಡಿಯುತ್ತದೆ.