ಮಣ್ಣಿನಡಿಗೆ ಹೋದ ಮೂವತ್ತೇಳು ಸಾವಿರ

ಕೆಲಸ ಒಂದೇ, ಅಂದಾಜು ಪಟ್ಟಿ ಮೂರು. ಹುಬ್ಬಳ್ಳಿಯ ನಮ್ಮ ಮನೆಯ ಗೇಟಿನಿಂದ ಪೋರ್ಚಿನವರೆಗೆ ಕಾರು ಬರುವ ಹಾದಿಯನ್ನು ಹೊಸದಾಗಿ ಮಾಡಿಸಬೇಕಿತ್ತು. ಹನ್ನೆರಡು ಅಡಿ ಅಗಲ, ಇಪ್ಪತ್ತೈದು ಅಡಿ ಉದ್ದ, ಒಟ್ಟು 300 ಚದರಡಿ. ಮೊದಲನೆಯವರು ಹಳೆಯ ಪೇವರ್ ಬ್ಲಾಕ್ ಕಿತ್ತು ಹೊಸದು ಕೂರಿಸಲು ಚದರಡಿಗೆ 85 ರೂಪಾಯಿಯಂತೆ 25,500 ಬರೆದಿದ್ದರು. ಎರಡನೆಯವರದು ನಾಲ್ಕು ಇಂಚಿನ ಕಾಂಕ್ರೀಟ್, ಚದರಡಿಗೆ 95ರಂತೆ 28,500. ಮೂರನೆಯವರು ನಮ್ಮ ಓಣಿಯಲ್ಲೇ ಎಷ್ಟೋ ಮನೆ ಕಟ್ಟಿದ ಹಿರಿಯ ಗೌಂಡಿ. ಅವರ ಪಟ್ಟಿ 63,000 ರೂಪಾಯಿ.

ಮೂವರೂ ಮೇಲೆ ಕಾಣುವ ವಸ್ತುವಿಗೆ ಹೇಳಿದ ದರದಲ್ಲಿ ಹೆಚ್ಚಿನ ಅಂತರವೇನೂ ಇರಲಿಲ್ಲ. ಹಿರಿಯರ ಪಟ್ಟಿಯಲ್ಲಿ ಬ್ಲಾಕ್, ಅದರಡಿಯ ಉಸುಕು, ಕೂರಿಸುವ ಕೂಲಿ ಎಲ್ಲ ಸೇರಿ 25,500 ಆಗುತ್ತಿತ್ತು, ಥೇಟ್ ಮೊದಲನೆಯವರಷ್ಟೇ. ಉಳಿದ 37,500 ನೆಲದಡಿಯ ಕೆಲಸಕ್ಕೆ: ಎರಡು ಅಡಿ ಅಗೆದು ಎರೆಮಣ್ಣು ಹೊರಹಾಕಲು 9,000, ಆರು ಲೋಡ್ ಗರಸಿಗೆ 12,000, ಯಂತ್ರ ಹಚ್ಚಿ ನೀರು ಹಾಕಿ ದಿಮ್ಮಿಸಲು 4,000, ಅದರ ಮೇಲೆ ಮೂರು ಇಂಚು ಕಡಿಗೆ 4,500, ಎರಡೂ ಅಂಚಿಗೆ ಕಾಂಕ್ರೀಟ್ ಕಟ್ಟಲು 5,000, ತಾರಸಿಯ ನೀರು ಸಾಗಿಸುವ ಪೈಪಿಗೆ 3,000. ನಾನು ಕೇಳದೇ ಇದ್ದರೂ ಅವರು ಹೇಳಿದ್ದು ಇಷ್ಟು: "ಸರ, ಮ್ಯಾಲಿನ ಬ್ಲಾಕ್ ಯಾವುದು ಹಾಕಿದ್ರೂ ನಡೀತದ್ರಿ. ಎರಿ ಮಣ್ಣ ತಗದು ಗರಸು ತುಂಬಲಿಲ್ಲಂದ್ರ ಎರಡ ಮಳಿಗಾಲಕ್ಕ ಮತ್ತ ನನ್ನ ಕರೀತೀರಿ."

ಈ ಮನೆಯನ್ನು ನಾವು ಕೊಂಡಾಗಲೇ ಹಾದಿ ಅಲೆಅಲೆಯಾಗಿತ್ತು. ಹಿಂದಿನವರು ಎರೆಮಣ್ಣಿನ ಮೇಲೆ ಒಂದಿಷ್ಟು ಕಲ್ಲುಪುಡಿ ಹರಡಿ, ಅದರ ಮೇಲೆ ಬ್ಲಾಕ್ ಜೋಡಿಸಿದ್ದರು. ಕಾರಿನ ಗಾಲಿ ಓಡಾಡುವ ಎರಡು ಪಟ್ಟಿ ತಗ್ಗಾಗಿ, ನಡುವಿನ ಭಾಗ ಉಬ್ಬಿತ್ತು. ಎರೆಮಣ್ಣಿನಲ್ಲಿ ಮನೆ ಕಟ್ಟಿದವರಿಗೆ ಇದು ಹೊಸದೇನಲ್ಲ. ಈ ಮಣ್ಣಿನೊಳಗಿನ ಮಾಂಟ್‌ಮೊರಿಲೊನೈಟ್ ಎಂಬ ಖನಿಜ ತನ್ನ ಪದರಗಳ ನಡುವೆ ನೀರು ತುಂಬಿಕೊಂಡು ಹಿಗ್ಗುತ್ತದೆ, ಬೇಸಿಗೆಯಲ್ಲಿ ಆ ನೀರು ಬಿಟ್ಟುಕೊಟ್ಟು ಕುಗ್ಗುತ್ತದೆ. ಏಪ್ರಿಲ್ ತಿಂಗಳಲ್ಲಿ ನವಲಗುಂದ, ಅಣ್ಣಿಗೇರಿ ಕಡೆಯ ಹೊಲಗಳಲ್ಲಿ ಕೈ ಹೋಗುವಷ್ಟು ಬಿರುಕು ಬಿಡುವುದೂ, ಜುಲೈಯಲ್ಲಿ ಅದೇ ನೆಲ ಮುಚ್ಚಿಕೊಂಡು ಉಬ್ಬುವುದೂ ಇದೇ ಕಾರಣಕ್ಕೆ. ಅಂಥ ನೆಲದ ಮೇಲೆ ನಾಲ್ಕು ಇಂಚಿನ ಕಾಂಕ್ರೀಟ್ ಹಾಕಿದರೆ ಅದು ಎತ್ತಿದತ್ತ ಏಳಲಾರದೆ ಸೀಳುತ್ತದೆ. ಬ್ಲಾಕ್ ಹಾಕಿದರೆ ಸೀಳುವುದಿಲ್ಲ, ಅಲುಗುತ್ತದೆ.

ಮಣ್ಣು ಬದಲಿಸುವುದಕ್ಕೆ ನಮ್ಮ ಸೀಮೆಯಲ್ಲೇ ದೊಡ್ಡ ಆಧಾರವಿದೆ. ಮಲಪ್ರಭಾ ಕಾಲುವೆ ಎರೆಭೂಮಿಯಲ್ಲಿ ಹಾಯುವಾಗ ಅದರ ಒಳಮೈಯ ಕಟ್ಟಡ ಉಬ್ಬಿ ಒಡೆಯುತ್ತಿತ್ತು. ಐಐಟಿ ಬಾಂಬೆಯ ಪ್ರೊಫೆಸರ್ ಆರ್. ಕೆ. ಕಟ್ಟಿ ಅವರು 1970ರ ದಶಕದಲ್ಲಿ ಹಿಗ್ಗದ, ಆದರೆ ಅಂಟುಗುಣವಿರುವ ಮಣ್ಣಿನ ಪದರವೊಂದನ್ನು ನಡುವೆ ಹಾಸಿದರೆ ಕೆಳಗಿನ ಎರೆಮಣ್ಣಿನ ಉಬ್ಬು ತಗ್ಗುತ್ತದೆ ಎಂದು ತೋರಿಸಿಕೊಟ್ಟರು. ನಮ್ಮ ಗರಸು ಅಂಥದ್ದೇ ಮಣ್ಣು. ಹಿರಿಯ ಗೌಂಡಿ ಈ ಸಂಶೋಧನೆಯ ಹೆಸರು ಕೇಳಿದ್ದರೋ ಇಲ್ಲವೋ, ಅವರ ಪಟ್ಟಿಯ ಆರು ಲೋಡ್ ಗರಸಿನ ಹಿಂದೆ ಅದೇ ತತ್ವವಿತ್ತು. ಒಂದೂವರೆ ಅಡಿ ಗರಸಿನಿಂದ ಉಬ್ಬು ಪೂರ್ತಿ ನಿಲ್ಲುವುದಿಲ್ಲ, ಕಾಲುವೆಗೆ ಅದಕ್ಕಿಂತ ದಪ್ಪ ಪದರ ಬೇಕಾಗುತ್ತದೆ. ಒಂದು ಕಾರು ಓಡಾಡುವ ಹಾದಿಗೆ, ಅದೂ ಅಲ್ಪಸ್ವಲ್ಪ ಅಲುಗಿದರೂ ಮುರಿಯದ ಬ್ಲಾಕಿನ ಹಾದಿಗೆ, ಅಷ್ಟು ಸಾಕು.

ಇನ್ನು ಲೆಕ್ಕಕ್ಕೆ ಬರೋಣ. ದುಬಾರಿ ಕೆಲಸವೇ ಕೊನೆಗೆ ಅಗ್ಗ ಎಂದು ಬಾಯಿಮಾತಿನಲ್ಲಿ ಹೇಳುವುದು ಸುಲಭ, ಕಾಗದದ ಮೇಲೆ ಅಷ್ಟು ಸುಲಭವಾಗಿ ಸಾಬೀತಾಗುವುದಿಲ್ಲ. 25,500ರ ಕೆಲಸ ಮಾಡಿಸಿ ಉಳಿದ 37,500ನ್ನು ಶೇ 7ರ ಠೇವಣಿಯಲ್ಲಿಟ್ಟರೆ ವರ್ಷಕ್ಕೆ 2,625 ಬಡ್ಡಿ. ಅಗ್ಗದ ಹಾದಿಯನ್ನು ಮೂರು ವರ್ಷಕ್ಕೊಮ್ಮೆ ಕಿತ್ತು ಅದೇ ಬ್ಲಾಕ್ ಮರುಜೋಡಿಸಲು ಚದರಡಿಗೆ 40 ರೂಪಾಯಿಯಂತೆ 12,000 ಬೇಕು, ವರ್ಷಕ್ಕೆ 4,000 ಎಂದಾಯಿತು. ಬಡ್ಡಿ ಸಾಲದೆ ಅಸಲಿನಿಂದ ಮೊದಲ ವರ್ಷ 1,375, ಆಮೇಲೆ ಬಡ್ಡಿ ಇಳಿದಂತೆ ವರ್ಷವರ್ಷ ಇನ್ನಷ್ಟು ತೆಗೆಯುತ್ತ ಹೋದರೆ ಹದಿನೈದು ವರ್ಷದ ಹೊತ್ತಿಗೂ ಠೇವಣಿಯಲ್ಲಿ ಮೂರು ಸಾವಿರದಷ್ಟು ಉಳಿದಿರುತ್ತದೆ. ಕೂಲಿ ನಿಂತಲ್ಲೇ ನಿಲ್ಲುವುದಿಲ್ಲ. ಅದು ವರ್ಷಕ್ಕೆ ಶೇ 5 ಏರುತ್ತದೆ ಎಂದು ಹಿಡಿದರೆ ಹನ್ನೊಂದನೆಯ ವರ್ಷಕ್ಕೆ ಠೇವಣಿ ಬರಿದಾಗುತ್ತದೆ. ಬಡ್ಡಿಯ ಮೇಲಿನ ಆದಾಯ ತೆರಿಗೆ ಸೇರಿಸಿದರೆ ಇನ್ನೂ ಬೇಗ. ಹೀಗೆ ಬರೀ ಹಾದಿಯ ಲೆಕ್ಕ ನೋಡಿದರೆ ಗಟ್ಟಿ ಕೆಲಸ ಗೆಲ್ಲುವುದು ಹತ್ತು-ಹನ್ನೊಂದು ವರ್ಷದ ಮೇಲೆ. ಐದಾರು ವರ್ಷದಲ್ಲಿ ಮನೆ ಮಾರುವ ಯೋಚನೆ ಇರುವವರಿಗೆ, ಬಾಡಿಗೆಗೆ ಕೊಟ್ಟ ಮನೆಯವರಿಗೆ ಅಗ್ಗದ ಪಟ್ಟಿಯೇ ಸರಿಯಾಗಬಹುದು. ಇದನ್ನು ನಾನು ಮುಚ್ಚುಮರೆಯಿಲ್ಲದೆ ಹೇಳುತ್ತೇನೆ.

ನಮ್ಮ ಮನೆಯಲ್ಲಿ ತಕ್ಕಡಿ ವಾಲಿದ್ದು ಬೇರೆ ಎರಡು ಕಾರಣಕ್ಕೆ.

ಒಂದು, ಅವ್ವ. ಅವಳಿಗೆ ಎಪ್ಪತ್ತೆಂಟು. ದಿನಾ ಬೆಳಿಗ್ಗೆ ಹೂ ತರಲು ಗೇಟಿನವರೆಗೆ ಕೋಲೂರಿಕೊಂಡು ಹೋಗುತ್ತಾಳೆ. ಅರ್ಧ ಇಂಚು ಮೇಲೆದ್ದ ಒಂದು ಬ್ಲಾಕು ಅವಳ ಸೊಂಟದ ಮೂಳೆಗೆ ಮುಳುವಾದರೆ, ಆ ಆಸ್ಪತ್ರೆಯ ಖರ್ಚಿನ ಮುಂದೆ ಮೇಲೆ ಬರೆದ ಅಂಕಿಗಳೆಲ್ಲ ಪುಡಿಗಾಸು. ಖರ್ಚು ಹೋಗಲಿ, ಆ ವಯಸ್ಸಿನಲ್ಲಿ ಬಿದ್ದವರು ಮತ್ತೆ ಮೊದಲಿನ ಹಾಗೆ ನಡೆಯುವುದು ಕಷ್ಟ.

ಇನ್ನೊಂದು, ನೀರು. ಹಳೆಯ ಹಾದಿಯ ಇಳಿಜಾರು ಮನೆಯ ಕಡೆಗಿತ್ತು. ತಾರಸಿಯ ಪೈಪು ಪೋರ್ಚಿನ ಮೂಲೆಯಲ್ಲೇ ನೀರು ಸುರಿಯುತ್ತಿತ್ತು. ಎರೆಮಣ್ಣಿನಲ್ಲಿ ಅಡಿಪಾಯದ ಒಂದು ಬದಿ ನೆನೆದು ಇನ್ನೊಂದು ಬದಿ ಒಣಗಿಯೇ ಉಳಿದರೆ ಗೋಡೆಯಲ್ಲಿ ಓರೆ ಬಿರುಕು ಬಿಡುತ್ತದೆ. ನಮ್ಮ ಮುಂದಿನ ಕೋಣೆಯ ಕಿಟಕಿಯ ಮೂಲೆಯಲ್ಲಿ ಅಂಥದೊಂದು ಗೆರೆ ಆಗಲೇ ಮೂಡಿತ್ತು. ಗೋಡೆ ಸೀಳಿದರೆ ಅದರ ದುರಸ್ತಿ ಲಕ್ಷದ ಮಾತು. ಹಾದಿಗೆಂದು ಹಾಕುವ ಹಣ ಮನೆಯ ಬುನಾದಿಯನ್ನೂ ಕಾಯುತ್ತದೆ ಎಂದಾದ ಮೇಲೆ ಹನ್ನೊಂದು ವರ್ಷದ ಲೆಕ್ಕವನ್ನು ನಾನು ಮಡಿಚಿಟ್ಟೆ.

ಕೆಲಸ ಶುರುವಾಗಿದ್ದು ದೀಪಾವಳಿ ಕಳೆದ ಮೇಲೆ. ಇದೂ ಹಿರಿಯರದೇ ಹಟ. ಬೇಸಿಗೆಯಲ್ಲಿ ಒಣಗಿ ಬಿರಿದ ಮಣ್ಣಿನ ಮೇಲೆ ಕಟ್ಟಿದರೆ ಮೊದಲ ಮಳೆಗೇ ಅದು ಎತ್ತುತ್ತದೆ, ಮಳೆಗಾಲದ ಕೆಸರಿನ ಮೇಲೆ ಕಟ್ಟಿದರೆ ಬೇಸಿಗೆಗೆ ಕುಸಿಯುತ್ತದೆ. ಕಾರ್ತೀಕ-ಮಾರ್ಗಶಿರದಲ್ಲಿ ನೆಲ ಎರಡರ ನಡುವೆ ಇರುತ್ತದೆ. ಗರಸನ್ನು ಒಮ್ಮೆಲೇ ಸುರಿಯಲಿಲ್ಲ, ಆರಾರು ಇಂಚಿನ ಮೂರು ಪದರ ಮಾಡಿ, ಪ್ರತಿ ಪದರಕ್ಕೂ ನೀರು ಚಿಮುಕಿಸಿ ಯಂತ್ರ ಓಡಿಸಿದರು. ಪೋರ್ಚಿನಿಂದ ಗೇಟಿಗೆ ಐವತ್ತಕ್ಕೆ ಒಂದರಂತೆ ಇಳಿಜಾರು, ಅಂದರೆ ಇಪ್ಪತ್ತೈದು ಅಡಿಗೆ ಆರು ಇಂಚು. ತಾರಸಿಯ ನೀರು ನಾಲ್ಕು ಇಂಚಿನ ಪೈಪಿನಲ್ಲಿ ಹಾದಿಯ ಅಂಚಿನುದ್ದಕ್ಕೂ ಹರಿದು ಹೊರಗೆ ಹೋಗುತ್ತದೆ.

ಬ್ಲಾಕ್ ಕೊಳ್ಳುವಾಗ ಬಣ್ಣ, ಆಕಾರ ನೋಡಿ ಮರುಳಾಗಬಾರದು. ಭಾರತೀಯ ಮಾನಕ ಐಎಸ್ 15658ರ ಪ್ರಕಾರ ಕಾರು ಓಡಾಡುವ ಹಗುರ ಸಂಚಾರಕ್ಕೆ 60 ಮಿಲಿಮೀಟರ್ ದಪ್ಪದ, ಎಂ-35 ದರ್ಜೆಯ ಬ್ಲಾಕ್ ಬೇಕು. ಅಂಗಡಿಯಲ್ಲಿ 50 ಮಿಲಿಮೀಟರಿನದು ಅಗ್ಗಕ್ಕೆ ಸಿಗುತ್ತದೆ, ಅದು ಬರೀ ಕಾಲ್ನಡಿಗೆಗೆ. ಟೇಪು ಹಿಡಿದು ಅಳೆದೇ ಕೊಳ್ಳಿ. ಜೋಡಣೆ ಹೆರಿಂಗ್‌ಬೋನ್ ಎನ್ನುವ ಅಡ್ಡ ವಿನ್ಯಾಸದಲ್ಲಿದ್ದರೆ ಬ್ರೇಕ್ ಹಾಕಿದಾಗ, ಸ್ಟಿಯರಿಂಗ್ ತಿರುಗಿಸಿದಾಗ ಬ್ಲಾಕು ಸರಿಯುವುದಿಲ್ಲ. ಅಂಚು ಕಟ್ಟದಿದ್ದರೆ ಯಾವ ವಿನ್ಯಾಸವೂ ನಿಲ್ಲದು, ಬದಿಯ ಸಾಲು ಹೊರಗೆ ಜಾರುತ್ತ ಸಂದಿಗಳೆಲ್ಲ ಬಾಯಿ ಬಿಡುತ್ತವೆ. ಶಹಾಬಾದ್ ಫರಸಿಯ ಮೇಲೆ ನನಗೆ ಬಾಲ್ಯದಿಂದ ಪ್ರೀತಿ, ಕಲಬುರಗಿ ಸೀಮೆಯ ಆ ತಣ್ಣನೆಯ ಕಲ್ಲನ್ನು ಪಡಸಾಲೆಗೆ ಈಗಲೂ ಹಾಕಿಸುತ್ತೇನೆ. ಗಾಲಿಯಡಿಗೆ ಬೇಡ. ಕೆಳಗೊಂದು ಕಡೆ ಪೊಳ್ಳಿದ್ದರೂ ತೆಳು ಫರಸಿ ಕಾರಿನ ಭಾರಕ್ಕೆ ಒಡೆಯುತ್ತದೆ.

ಗೇಟಿನ ಹೊರಗಿನ ರ‍್ಯಾಂಪಿಗೆ ನಾನು ಒಂದು ರೂಪಾಯಿಯನ್ನೂ ಹೆಚ್ಚಿಗೆ ಹಾಕಲಿಲ್ಲ. ಆ ಜಾಗ ಪಾಲಿಕೆಯದು, ಗಟಾರು ಬಳಿಯಲು ಬಂದಾಗ ತೆಗೆಯಲೇಬೇಕು. ಎತ್ತಿಡಬಹುದಾದ ಚಪ್ಪಡಿ ಇಟ್ಟರೆ ಸಾಕು.

ಹಣ ಕೊಟ್ಟ ರೀತಿಯನ್ನೂ ಹೇಳಬೇಕು, ಏಕೆಂದರೆ ಇಂಥ ಕೆಲಸದಲ್ಲಿ ಹಣ ಸೋರುವುದೇ ಅಲ್ಲಿ. ಶುರುವಿಗೆ ಐದನೆಯ ಒಂದು ಪಾಲು ಕೊಟ್ಟೆ. ದೊಡ್ಡ ಕಂತನ್ನು ಗರಸು, ಕಡಿ ಹಾಕಿ ಮುಗಿದ ದಿನ, ಬ್ಲಾಕಿನಿಂದ ಮುಚ್ಚುವ ಮುಂಚೆ ಕೊಟ್ಟೆ. ಅಗೆದ ಗುಂಡಿಯಲ್ಲಿ ಟೇಪು ನಿಲ್ಲಿಸಿ ಫೋಟೊ ತೆಗೆದುಕೊಂಡಿದ್ದೆ. ಶೇ 10ನ್ನು ಒಂದು ಮಳೆಗಾಲ ಕಳೆದ ಮೇಲೆ ಕೊಡುವುದೆಂದು ಮೊದಲೇ ಕಾಗದದಲ್ಲಿ ಬರೆದಿತ್ತು. ಕೆಲಸದ ಮೇಲೆ ನಂಬಿಕೆ ಇರುವ ಗೌಂಡಿ ಈ ಷರತ್ತಿಗೆ ಬೇಸರ ಮಾಡಿಕೊಳ್ಳುವುದಿಲ್ಲ. ಮೊದಲ ಪಟ್ಟಿಯವರು ಇದನ್ನು ಕೇಳಿ ಮತ್ತೆ ಫೋನ್ ಮಾಡಲಿಲ್ಲ.

ಬಿಲ್ಲುಗಳನ್ನು ಮನೆಯ ಕಾಗದಪತ್ರದ ಜೊತೆಗೇ ಇಟ್ಟಿದ್ದೇನೆ. ಮುಂದೆ ಮನೆ ಮಾರಿದರೆ ಆಸ್ತಿಯನ್ನು ಶಾಶ್ವತವಾಗಿ ಉತ್ತಮಪಡಿಸಿದ ಖರ್ಚನ್ನು ಬಂಡವಾಳ ಲಾಭದಿಂದ ಕಳೆಯಬಹುದು. ಶೇ 12.5ರ ದೀರ್ಘಾವಧಿ ತೆರಿಗೆಯ ಲೆಕ್ಕದಲ್ಲಿ 63,000ಕ್ಕೆ ಸುಮಾರು 7,900 ರೂಪಾಯಿ ಉಳಿಯುತ್ತದೆ. ಆಗಾಗ ಮಾಡುವ ರಿಪೇರಿಗೆ ಈ ಸವಲತ್ತಿಲ್ಲ. ಬಿಲ್ಲಿಲ್ಲದೆ ಮಾಡಿಸಿದರೆ ಜಿಎಸ್‌ಟಿ ಉಳಿಯುತ್ತದೆ ಎಂಬ ಆಸೆಗೆ ಬೀಳುವ ಮುಂಚೆ ಈ ಅಂಕಿಯನ್ನೂ ನೋಡಿ. ಸಣ್ಣ ಗೌಂಡಿಗಳಿಗೆ ಜಿಎಸ್‌ಟಿ ನೋಂದಣಿ ಇರುವುದಿಲ್ಲ, ಅವರಿಗೆ ಬ್ಯಾಂಕ್ ಮೂಲಕ ಕೊಟ್ಟು ಸಹಿ ಮಾಡಿದ ರಸೀದಿ ಪಡೆಯಿರಿ.

ಕಾಂಕ್ರೀಟ್ ಬೇಡವೇ ಬೇಡ ಎಂದು ನಾನು ಹೇಳುತ್ತಿಲ್ಲ. ಧಾರವಾಡದ ಪಶ್ಚಿಮಕ್ಕೆ, ಕೆಂಪು ಗಟ್ಟಿ ನೆಲದಲ್ಲಿ ಅದು ಚೆನ್ನಾಗಿ ಬಾಳುತ್ತದೆ. ನಮ್ಮಷ್ಟು ಜಾಗಕ್ಕೆ ನಾಲ್ಕು ಇಂಚಿನ ಎಂ-20 ಕಾಂಕ್ರೀಟಿಗೆ ಇಪ್ಪತ್ತಮೂರು ಚೀಲದಷ್ಟು ಸಿಮೆಂಟ್ ಬೇಕು. 2025ರ ಸೆಪ್ಟೆಂಬರ್ 22ರಿಂದ ಸಿಮೆಂಟಿನ ಜಿಎಸ್‌ಟಿ ಶೇ 28ರಿಂದ 18ಕ್ಕೆ ಇಳಿದಿದೆ, ಇಷ್ಟು ಚೀಲಕ್ಕೆ ಉಳಿತಾಯ ಆರೇಳು ನೂರು ರೂಪಾಯಿ ಮಾತ್ರ. ಅದಕ್ಕಿಂತ ದೊಡ್ಡ ಉಳಿತಾಯ ನೀರಿನ ಕೊಳವೆ ಹಿಡಿದು ಕ್ಯೂರಿಂಗ್ ಮಾಡುವುದರಲ್ಲಿದೆ. ಐಎಸ್ 456 ಹೇಳುವಂತೆ ಸಾದಾ ಸಿಮೆಂಟಿಗೆ ಕನಿಷ್ಠ ಏಳು ದಿನ, ಈಗ ಹೆಚ್ಚಾಗಿ ಸಿಗುವ ಹಾರುಬೂದಿ ಬೆರೆತ ಸಿಮೆಂಟಿಗೆ ಹತ್ತು ದಿನ ಮೇಲ್ಮೈ ತೇವ ಆರಬಾರದು. ಎಂಟು-ಹತ್ತು ಅಡಿಗೊಂದು ಕಡೆ ದಪ್ಪದ ಕಾಲುಭಾಗ ಆಳಕ್ಕೆ ಗೀರು ಕೊಯ್ದರೆ ಬಿರುಕು ಆ ಗೀರಿನೊಳಗೇ ಬೀಳುತ್ತದೆ.

ರಿಪೇರಿಗೆ ಬಂದರೆ, ಬಿರುಕಿನ ಎರಡೂ ಬದಿಯ ಮೇಲೆ ಬೆರಳಾಡಿಸಿ ನೋಡಿ. ಮಟ್ಟ ಒಂದೇ ಇದ್ದರೆ ಅದು ಕಾಂಕ್ರೀಟ್ ಕುಗ್ಗಿದ ಬಿರುಕು, ರಬ್ಬರಿನಂತೆ ಜಗ್ಗುವ ಪಾಲಿಯುರೇಥೇನ್ ಸೀಲಂಟ್ ತುಂಬಿದರೆ ಆಯಿತು. ಬರೀ ಸಿಮೆಂಟ್ ಹಾಲು ತುಂಬಿದರೆ ಒಂದೇ ಬೇಸಿಗೆಗೆ ಬಿಟ್ಟುಕೊಳ್ಳುತ್ತದೆ. ಒಂದು ಬದಿ ತಗ್ಗಾಗಿದ್ದರೆ ತಳ ಕುಸಿದಿದೆ, ಮೇಲೆ ಒಂದು ಇಂಚು ಗಿಲಾಯಿ ಎಳೆಸುವ ಹಣ ದಂಡ. ಅಷ್ಟು ಭಾಗ ಕೊಯ್ದು ತೆಗೆದು ಕೆಳಗಿನಿಂದ ಕಟ್ಟಿಸಬೇಕು.

ಬ್ಲಾಕಿನ ಗುಣ ತಿಳಿಯುವುದು ಇಲ್ಲೇ. ಮೊದಲ ಮಳೆಗಾಲ ಮುಗಿದಾಗ ಗೇಟಿನ ಹತ್ತಿರ ಕೆಲವು ಬ್ಲಾಕು ತುಸು ಇಳಿದಿದ್ದವು. ಎತ್ತಿ, ಉಸುಕು ಸೇರಿಸಿ, ಮತ್ತೆ ಕೂರಿಸಿದರು. ಖರ್ಚು ಅರ್ಧ ದಿನದ ಕೂಲಿ. ಮುಂದೆ ನೀರಿನ ಸಂಪರ್ಕ ಬದಲಿಸಲು ಹಾದಿಯ ಅಡ್ಡಕ್ಕೆ ಅಗೆಯಬೇಕಾಗಿ ಬಂದಾಗಲೂ ತೆಗೆದ ಬ್ಲಾಕುಗಳನ್ನೇ ತಿರುಗಿ ಜೋಡಿಸಿದೆವು. ಸಂದಿಗೆ ಸಿಮೆಂಟ್ ತುಂಬಿಸಿ ಹುಲ್ಲು ತಡೆಯೋಣ ಎಂದು ಯಾರಾದರೂ ಹೇಳಿದರೆ ಒಪ್ಪಬೇಡಿ. ಆಮೇಲೆ ಒಂದನ್ನೂ ಒಡೆಯದೆ ಎತ್ತಲಾಗದು. ವರ್ಷಕ್ಕೊಮ್ಮೆ ಒಣ ಉಸುಕು ಸುರಿದು ಕಸಬರಿಗೆಯಿಂದ ಸಂದಿಗಳಿಗೆ ತಳ್ಳುವುದು ಮನೆಯವರೇ ಮಾಡುವ ಕೆಲಸ.

ನನ್ನ ಖರ್ಚಿನ ಪಟ್ಟಿ ನೋಡಿ ಉಡುಪಿಯ ಅಕ್ಕ ತಾನೂ ಎರಡಡಿ ಅಗೆಸಲು ಹೊರಟಿದ್ದಳು. ತಡೆದೆ. ಅವಳ ಅಂಗಳದಡಿ ಇರುವುದು ಗಟ್ಟಿ ಮುರಕಲ್ಲು, ಅದು ಹಿಗ್ಗುವುದೂ ಇಲ್ಲ, ಕುಗ್ಗುವುದೂ ಇಲ್ಲ. ಕರಾವಳಿಯಲ್ಲಿ ವರ್ಷಕ್ಕೆ ಮೂರೂವರೆ ಸಾವಿರ ಮಿಲಿಮೀಟರಿಗೂ ಮಿಕ್ಕಿ ಸುರಿಯುವ ಮಳೆಯೇ ಅವಳ ಚಿಂತೆ: ಸಂದಿಯ ಉಸುಕು ಕೊಚ್ಚಿಹೋಗುತ್ತದೆ, ಪಾಚಿ ಕಟ್ಟಿ ಭಾವ ಜಾರುತ್ತಾರೆ. ಅವಳಿಗೆ ನಾನು ಹೇಳಿದ್ದು, ಹಾದಿಯ ಮೇಲುಬದಿಯಲ್ಲಿ ಒಂದು ಅಡ್ಡ ಚರಂಡಿ ತೆಗೆದು ಮೇಲೆ ಜಾಲರಿ ಹಾಕಿಸು, ಬ್ಲಾಕು ಒರಟು ಮೇಲ್ಮೈಯದು ಆರಿಸು, ಅಗೆಯುವ ದುಡ್ಡು ನಿನ್ನ ಹತ್ತಿರವೇ ಇರಲಿ.