ಕಾಂಗ್ರೆಸ್ ಹುಲ್ಲೂ ಚರ್ಮದ ನವೆಯೂ

ಕಾಂಗ್ರೆಸ್ ಹುಲ್ಲೆಂದು ರೈತರು ಕರೆಯುವ ಪಾರ್ಥೇನಿಯಂ ಕಳೆಯು ಅಮೆರಿಕಾ ಖಂಡದಿಂದ ಬಂದುದು. 1955ರ ಸುಮಾರಿಗೆ ಪುಣೆಯಲ್ಲಿ ಗೋಚರವಾಗಿ, ತರುವಾಯ ನಮ್ಮ ನಾಡನ್ನೂ ವ್ಯಾಪಿಸಿತು. ಇದರಲ್ಲಿರುವ ಪಾರ್ಥೆನಿನ್ ಎಂಬ ವಸ್ತುವು ಕೆಲವರ ಮೈಗೆ ಒಗ್ಗದು. ಪದೇ ಪದೇ ಸೋಂಕಿದ ಮೇಲೆ ಅಂಥವರ ರೆಪ್ಪೆ, ಕತ್ತು, ಮೊಣಕೈ ಸಂದುಗಳಲ್ಲಿ ನವೆಯೂ ದದ್ದೂ ಏಳುವುವು. ಬಳಿಕ ಗಾಳಿಯಲ್ಲಿ ಬರುವ ಗಿಡದ ಧೂಳೇ ಸಾಕು. ಅಲರ್ಜಿಯೆಂಬ ಈ ಬೇನೆಯು ಅಂಟುಜಾಡ್ಯವಲ್ಲ. ರೋಗಿಯನ್ನು ದೂರವಿಡುವುದು ಅನ್ಯಾಯ.

ಚಿಕಿತ್ಸೆ: ವೈದ್ಯರು ಕೊಡುವ ಸ್ಟಿರಾಯ್ಡ್ ಮುಲಾಮಿನಿಂದ ಉಪಶಮನವಾಗುವುದು. ಬೇನೆಯು ಬಲಿತರೆ ಅಜಾಥಯೋಪ್ರಿನ್ ಮಾತ್ರೆಯುಂಟು; ಅದನ್ನು ವೈದ್ಯರ ನಿಗಾದಲ್ಲಿ, ಆಗಾಗ್ಗೆ ರಕ್ತಪರೀಕ್ಷೆ ಮಾಡಿಸುತ್ತಾ ಸೇವಿಸತಕ್ಕದ್ದು. ಆದರೆ ಕಳೆಯು ಸುತ್ತಲೂ ಇರುವವರೆಗೆ ನವೆಯು ಮರಳಿ ಬರುವುದು.

ನಿವಾರಣೆ: (1) ಮಳೆ ಬಿದ್ದು ನೆಲ ಹದವಾಗಿರುವಾಗ, ಹೂ ಬಿಡುವುದಕ್ಕೆ ಮುಂಚೆಯೇ ಬೇರುಸಹಿತ ಕೀಳಿಸತಕ್ಕದ್ದು, ಒಂದೇ ಗಿಡವು ಸಾವಿರಾರು ಬೀಜಗಳನ್ನು ಉದುರಿಸುವುದು. (2) ಕೀಳುವವರಿಗೆ ಕೈಗವಸನ್ನೂ ತುಂಬುತೋಳಿನ ಅಂಗಿಯನ್ನೂ ಒದಗಿಸತಕ್ಕದ್ದು. (3) ನವೆಯುಳ್ಳ ಆಳನ್ನು ಈ ಕೆಲಸಕ್ಕೆ ಕಳುಹಿಸದೆ, ಕೂಲಿ ತಪ್ಪದಂತೆ ಬೇರೆ ಕೆಲಸ ಕೊಡತಕ್ಕದ್ದು. (4) ಬಯಲಾದ ನೆಲದಲ್ಲಿ ತಗಚೆ ಬೀಜವನ್ನು ಎರಚಿದರೆ ಕಳೆಯು ಅಡಗುವುದು.

ಒಬ್ಬನ ಹೊಲ ಶುದ್ಧವಾದರೆ ಸಾಲದು. ಬದು, ರಸ್ತೆ, ಗೋಮಾಳಗಳನ್ನು ಊರೆಲ್ಲಾ ಒಟ್ಟಾಗಿ ಶುದ್ಧಗೊಳಿಸುವಂತೆ ಗ್ರಾಮದ ಮುಖಂಡರು ಏರ್ಪಡಿಸಬೇಕು.