ಬೇಸಿಗೆ ರಜೆಯಲ್ಲೂ ಬಿಸಿಯೂಟ
ರಜೆ ಬಂದರೆ ಶಾಲೆಯ ಬಿಸಿಯೂಟ ಸಾಮಾನ್ಯವಾಗಿ ನಿಲ್ಲುತ್ತದೆ. ಬರಪೀಡಿತ ಪ್ರದೇಶಗಳು ಇದಕ್ಕೆ ಹೊರತು. ಈ ವಿನಾಯಿತಿಯ ಮೂಲ ಸುಪ್ರೀಂ ಕೋರ್ಟಿನ 2004ರ ಏಪ್ರಿಲ್ 20ರ ಆದೇಶ. ಪ್ರಕರಣ: ನಾಗರಿಕ ಹಕ್ಕುಗಳ ಸಂಘಟನೆ ಪಿಯುಸಿಎಲ್ ವಿರುದ್ಧ ಭಾರತ ಸರ್ಕಾರ (2001), ‘ಆಹಾರದ ಹಕ್ಕು ಪ್ರಕರಣ’ವೆಂದೇ ಪ್ರಸಿದ್ಧ. ಇದೇ ಪ್ರಕರಣದ 2001ರ ನವೆಂಬರ್ 28ರ ಆದೇಶ ಬೇರೆ: ಪ್ರಾಥಮಿಕ ಶಾಲಾ ಮಕ್ಕಳಿಗೆ ಬೇಯಿಸಿದ ಊಟ, ಕನಿಷ್ಠ 300 ಕ್ಯಾಲೊರಿ, 8–12 ಗ್ರಾಂ ಪ್ರೋಟೀನ್, ವರ್ಷಕ್ಕೆ ಕನಿಷ್ಠ 200 ದಿನ. ಬಹು ಆಯ್ಕೆಯ ಪ್ರಶ್ನೆಯಲ್ಲಿ ಈ ಎರಡು ದಿನಾಂಕಗಳು ಅದಲುಬದಲಾಗುವುದು ಸುಲಭ, ಎಚ್ಚರ.

ಕರ್ನಾಟಕದಲ್ಲಿ ಬಿಸಿಯೂಟ ಯೋಜನೆಯ ಹೆಸರು ಅಕ್ಷರ ದಾಸೋಹ. 2023ರ ಬರದ ಬೆನ್ನಿಗೆ, 2024ರ ಬೇಸಿಗೆ ರಜೆಯಲ್ಲೂ ಬರಪೀಡಿತ ತಾಲ್ಲೂಕುಗಳ ಮಕ್ಕಳಿಗೆ ಬಿಸಿಯೂಟ ಬಡಿಸಲಾಯಿತು. ಕೇಂದ್ರ ಯೋಜನೆಗೆ 2021ರಿಂದ ಪಿಎಂ ಪೋಷಣ್ ಎಂಬ ಹೆಸರು. ಆಹಾರಧಾನ್ಯದ ಪೂರ್ತಿ ವೆಚ್ಚ ಕೇಂದ್ರದ್ದು, ಕರ್ನಾಟಕದಲ್ಲಿ ಅಡುಗೆ ವೆಚ್ಚ ಕೇಂದ್ರ–ರಾಜ್ಯಗಳ ನಡುವೆ 60:40.